ಸರ್ಟಿಫಿಕೇಟಿನಲ್ಲಿ ಬೆಲೆಯ ಕಾಲಂ ಇಲ್ಲ

ಎರಡು ಕಲ್ಲುಗಳ ಲೆಕ್ಕದಿಂದ ಶುರು ಮಾಡುತ್ತೇನೆ. ಎರಡೂ ಗುಲಾಬಿ ಬಣ್ಣದ ವಜ್ರಗಳು. ಒಂದರ ಹೆಸರು ಪಿಂಕ್ ಸ್ಟಾರ್, ತೂಕ 59.60 ಕ್ಯಾರೆಟ್. ಒಂದು ಕ್ಯಾರೆಟ್ ಎಂದರೆ 0.2 ಗ್ರಾಂ. ಅಂದರೆ ಈ ಕಲ್ಲು ಹನ್ನೆರಡು ಗ್ರಾಂ ಕೂಡ ತೂಗುವುದಿಲ್ಲ. 2017ರ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗ್‌ನಲ್ಲಿ ನಡೆದ ಸೋದಬೀಸ್ ಹರಾಜಿನಲ್ಲಿ ಇದು 7 ಕೋಟಿ 12 ಲಕ್ಷ ಡಾಲರಿಗೆ ಮಾರಾಟವಾಯಿತು. ಇನ್ನೊಂದರ ಹೆಸರು ವಿಲಿಯಮ್ಸನ್ ಪಿಂಕ್ ಸ್ಟಾರ್, ತೂಕ 11.15 ಕ್ಯಾರೆಟ್. ಅದೇ ಊರು, ಅದೇ ಹರಾಜು ಸಂಸ್ಥೆ. 2022ರ ಅಕ್ಟೋಬರ್‌ನಲ್ಲಿ ಬಂದ ಬೆಲೆ 5 ಕೋಟಿ 77 ಲಕ್ಷ ಡಾಲರ್.

ಕ್ಯಾಲ್ಕುಲೇಟರ್ ತೆಗೆದು ಭಾಗಿಸಿ ನೋಡಿ. ಮೊದಲನೆಯದು ಕ್ಯಾರೆಟ್ಟಿಗೆ ಸುಮಾರು 12 ಲಕ್ಷ ಡಾಲರ್. ಎರಡನೆಯದು ಕ್ಯಾರೆಟ್ಟಿಗೆ ಸುಮಾರು 52 ಲಕ್ಷ ಡಾಲರ್. ನಾಲ್ಕು ಪಟ್ಟಿಗಿಂತ ಹೆಚ್ಚು! ಸಾಮಾನ್ಯವಾಗಿ ವಜ್ರ ದೊಡ್ಡದಾದಷ್ಟೂ ಕ್ಯಾರೆಟ್ಟಿನ ಬೆಲೆ ಏರುತ್ತದೆ. ಇಲ್ಲಿ ಸಣ್ಣ ಕಲ್ಲೇ ದುಬಾರಿ. ಹಾಗಾದರೆ ಸಣ್ಣದರ ಗುಣಮಟ್ಟ ಹೆಚ್ಚಿರಬೇಕು ಎನ್ನುತ್ತೀರಾ? ಅದೂ ಅಲ್ಲ. ಎರಡಕ್ಕೂ ಸಿಕ್ಕಿರುವ ದರ್ಜೆ ಒಂದೇ: ಬಣ್ಣದಲ್ಲಿ ‘ಫ್ಯಾನ್ಸಿ ವಿವಿಡ್ ಪಿಂಕ್’, ಶುದ್ಧತೆಯಲ್ಲಿ ‘ಇಂಟರ್ನಲಿ ಫ್ಲಾಲೆಸ್’, ಅಂದರೆ ಒಳಗೆ ಕಲೆಯಿಲ್ಲದ್ದು.

ಒಂದೇ ದರ್ಜೆಯ ಎರಡು ಕಲ್ಲುಗಳ ನಡುವೆ ಇಷ್ಟು ಅಂತರ ಹೇಗೆ ಬಂತು? ನಾನು ಕಾಮರ್ಸ್ ವಿದ್ಯಾರ್ಥಿನಿ. ಈ ಪ್ರಶ್ನೆ ನನ್ನನ್ನು ಕೆಲವು ವಾರ ಬಿಡದೆ ಕಾಡಿತು. ಓದುತ್ತಾ ಹೋದಂತೆ ನನಗೆ ಒಂದು ಮಾತು ಸ್ಪಷ್ಟವಾಯಿತು. ವಿರಳತೆ ಬೇರೆ, ದರ್ಜೆ ಬೇರೆ, ಬೆಲೆ ಬೇರೆ. ಮೊದಲನೆಯದು ಪ್ರಕೃತಿಯ ಕೆಲಸ, ಎರಡನೆಯದು ಪ್ರಯೋಗಾಲಯದ ಕೆಲಸ, ಮೂರನೆಯದು ಮಾರುಕಟ್ಟೆಯ ಕೆಲಸ. ನಾವು ಮೂರನ್ನೂ ಒಂದೇ ಚೀಲದಲ್ಲಿ ಹಾಕುತ್ತೇವೆ. ವಜ್ರದ ವಿಷಯದಲ್ಲಷ್ಟೇ ಅಲ್ಲ, ನಮ್ಮ ವಿಷಯದಲ್ಲೂ ಹಾಗೆಯೇ ಮಾಡುತ್ತೇವೆ ಎಂಬುದು ನನ್ನ ತಕರಾರು.

ಮೊದಲು ವಿರಳತೆ. ಹಳದಿ ವಜ್ರಕ್ಕೆ ಆ ಬಣ್ಣ ಬರುವುದು ನೈಟ್ರೋಜನ್‌ನಿಂದ. ನೀಲಿ ವಜ್ರಕ್ಕೆ ಬೋರಾನ್‌ನಿಂದ. ಗುಲಾಬಿ ವಜ್ರದಲ್ಲಿ ಬಣ್ಣ ಕೊಡುವ ಇಂಥ ಪರಕೀಯ ಧಾತು ಯಾವುದೂ ಕಂಡುಬಂದಿಲ್ಲ. ಭೂಮಿಯ ಆಳದಲ್ಲಿ ಹರಳು ರೂಪುಗೊಂಡ ಮೇಲೆ ಅದರ ಮೇಲೆ ಬಿದ್ದ ಬಲದಿಂದ ಅದರ ಜಾಲಕ ಒಂದಿಷ್ಟು ಬಾಗುತ್ತದೆ, ಜಾರುತ್ತದೆ. ಹಾಗೆ ಬಾಗಿದ ಹರಳು 550 ನ್ಯಾನೊಮೀಟರ್ ಸುತ್ತಲಿನ ಬೆಳಕನ್ನು, ಅಂದರೆ ಹಸಿರು ಭಾಗವನ್ನು, ಹೀರಿಕೊಳ್ಳುತ್ತದೆ. ಉಳಿದ ಬೆಳಕು ನಮ್ಮ ಕಣ್ಣಿಗೆ ಗುಲಾಬಿಯಾಗಿ ಕಾಣುತ್ತದೆ. ಪರಮಾಣು ಮಟ್ಟದಲ್ಲಿ ಇದಕ್ಕೆ ನಿಖರ ಕಾರಣವಾದ ದೋಷ ಯಾವುದು ಎಂಬುದನ್ನು ವಿಜ್ಞಾನಿಗಳು ಇನ್ನೂ ಹುಡುಕುತ್ತಿದ್ದಾರೆ. ನಮ್ಮ ಸೈನ್ಸ್ ವಿಭಾಗದ ಗೆಳತಿಯರಿಗೆ ಇದೊಂದು ಒಳ್ಳೆಯ ಸಂಶೋಧನಾ ವಿಷಯ.

ಇಂಥ ಕಲ್ಲುಗಳ ದೊಡ್ಡ ಮನೆ ಆಸ್ಟ್ರೇಲಿಯಾದ ಪಶ್ಚಿಮ ಭಾಗದ ಕಿಂಬರ್ಲಿ ಪ್ರಾಂತ್ಯದ ಆರ್ಗೈಲ್ ಗಣಿ. 1979ರಲ್ಲಿ ಅಲ್ಲಿ ವಜ್ರದ ನಿಕ್ಷೇಪ ಪತ್ತೆಯಾಯಿತು. 1983ರಲ್ಲಿ ಗಣಿಗಾರಿಕೆ ಶುರುವಾಯಿತು. 2020ರ ನವೆಂಬರ್‌ನಲ್ಲಿ, ಲಾಭಕ್ಕೆ ತೆಗೆಯಬಹುದಾದ ನಿಕ್ಷೇಪ ಮುಗಿದು, ರಿಯೊ ಟಿಂಟೊ ಕಂಪನಿ ಗಣಿ ಮುಚ್ಚಿತು. ಅಷ್ಟರೊಳಗೆ ಅಲ್ಲಿಂದ ಬಂದ ಕಚ್ಚಾ ವಜ್ರ 86 ಕೋಟಿ 50 ಲಕ್ಷ ಕ್ಯಾರೆಟ್‌ಗೂ ಹೆಚ್ಚು. ತೂಕಕ್ಕೆ ತಂದರೆ ಸುಮಾರು 173 ಟನ್. ಜಗತ್ತಿನ ಗುಲಾಬಿ ವಜ್ರಗಳಲ್ಲಿ ಶೇ. 90ಕ್ಕಿಂತ ಹೆಚ್ಚು ಇದೊಂದೇ ಗಣಿಯವು. ಆದರೂ ಆ ಗಣಿಯ ಉತ್ಪಾದನೆಯಲ್ಲಿ ಗುಲಾಬಿಯ ಪಾಲು ಶೇ. 1ಕ್ಕಿಂತ ಕಡಿಮೆ. ಬಹುಪಾಲು ಕಲ್ಲುಗಳು ಕಂದು ಬಣ್ಣದವು.

ಈ ಕಂದು ಕಲ್ಲುಗಳನ್ನು ಮರೆಯಬೇಡಿ. ಗುಲಾಬಿ ಮತ್ತು ಕಂದು ಎರಡಕ್ಕೂ ಮೂಲ ಒಂದೇ, ಅದೇ ಬಾಗುವಿಕೆ. 2023ರಲ್ಲಿ ಪರ್ತ್‌ನ ಕರ್ಟಿನ್ ವಿಶ್ವವಿದ್ಯಾಲಯದ ಸಂಶೋಧಕರು ಆರ್ಗೈಲ್ ಶಿಲೆಯ ವಯಸ್ಸು ಸುಮಾರು 130 ಕೋಟಿ ವರ್ಷ ಎಂದು ಲೆಕ್ಕ ಹಾಕಿದರು. ಅದಕ್ಕೂ ಬಹಳ ಹಿಂದೆ, ಸುಮಾರು 180 ಕೋಟಿ ವರ್ಷಗಳ ಹಿಂದೆ, ಎರಡು ಭೂಖಂಡಗಳು ಡಿಕ್ಕಿ ಹೊಡೆದಾಗ ಅಲ್ಲಿನ ಹರಳುಗಳು ತಿರುಚಿಕೊಂಡವು ಎಂಬುದು ಅವರ ವಿವರಣೆ. ಸ್ವಲ್ಪ ತಿರುಚಿದರೆ ಗುಲಾಬಿ, ಹೆಚ್ಚು ತಿರುಚಿದರೆ ಕಂದು. ಇಂಗಾಲ ಅದೇ, ಗಟ್ಟಿತನ ಅದೇ, ಗಣಿ ಅದೇ. ಒಂದಕ್ಕೆ ಲಕ್ಷ ಡಾಲರ್, ಇನ್ನೊಂದಕ್ಕೆ ಜುಜುಬಿ ಬೆಲೆ.

ಇನ್ನು ದರ್ಜೆ. ಬಣ್ಣದ ವಜ್ರಗಳ ದರ್ಜೆಗೆ ಜಗತ್ತು ಹೆಚ್ಚಾಗಿ ನಂಬುವುದು ಜಿಐಎ ಎಂಬ ಸಂಸ್ಥೆಯನ್ನು. 1931ರಲ್ಲಿ ಅಮೆರಿಕದಲ್ಲಿ ಸ್ಥಾಪನೆಯಾದದ್ದು. ಬಿಳಿ ವಜ್ರದಲ್ಲಿ ಬಣ್ಣ ಎಷ್ಟು ಕಡಿಮೆಯೋ ಅಷ್ಟು ಮೇಲಿನ ದರ್ಜೆ. ಗುಲಾಬಿಯಲ್ಲಿ ತದ್ವಿರುದ್ಧ: ಬಣ್ಣ ಎಷ್ಟು ಗಾಢ, ಎಷ್ಟು ಶುದ್ಧ ಎಂಬುದೇ ಮುಖ್ಯ. ಫೇಂಟ್, ವೆರಿ ಲೈಟ್, ಲೈಟ್, ಫ್ಯಾನ್ಸಿ ಲೈಟ್, ಫ್ಯಾನ್ಸಿ, ಫ್ಯಾನ್ಸಿ ಇಂಟೆನ್ಸ್, ಫ್ಯಾನ್ಸಿ ವಿವಿಡ್ ಎಂದು ಮೆಟ್ಟಿಲುಗಳಿವೆ. ಬಣ್ಣ ಕಪ್ಪಿನ ಕಡೆ ವಾಲಿದರೆ ಫ್ಯಾನ್ಸಿ ಡೀಪ್, ಫ್ಯಾನ್ಸಿ ಡಾರ್ಕ್ ಎಂಬ ಹೆಸರುಗಳೂ ಇವೆ. ನಿಗದಿತ ಬೆಳಕಿನಲ್ಲಿ, ಕಲ್ಲಿನ ಮುಖವನ್ನು ಮೇಲೆ ಮಾಡಿ ಇಟ್ಟು, ಮಾದರಿ ಬಣ್ಣಗಳೊಂದಿಗೆ ಹೋಲಿಸಿ ತಜ್ಞರು ದರ್ಜೆ ಕೊಡುತ್ತಾರೆ. ಒಬ್ಬರ ಕಣ್ಣನ್ನೇ ನಂಬುವುದಿಲ್ಲ. ಒಬ್ಬರಿಗಿಂತ ಹೆಚ್ಚು ಜನ ಬೇರೆ ಬೇರೆಯಾಗಿ ನೋಡುತ್ತಾರೆ.

ಆರ್ಗೈಲ್ ಗಣಿಗೆ ತನ್ನದೇ ಇನ್ನೊಂದು ಅಳತೆ ಇತ್ತು. ಪಿಂಕ್, ಪರ್ಪ್ಲಿಷ್ ಪಿಂಕ್, ಪಿಂಕ್ ರೋಸ್ ಎಂದು ಗುಂಪು ಮಾಡಿ, 1ರಿಂದ 9ರವರೆಗೆ ಸಂಖ್ಯೆ ಕೊಡುತ್ತಿದ್ದರು. 1 ಎಂದರೆ ಅತಿ ಗಾಢ. ಅಂದರೆ ಒಂದೇ ಕಲ್ಲಿಗೆ ಎರಡು ಕಡೆ ಎರಡು ಭಾಷೆಯ ದರ್ಜೆ. ಕಲ್ಲು ಬದಲಾಗಲಿಲ್ಲ, ಅಳತೆಗೋಲು ಬದಲಾಯಿತು.

ಈ ವ್ಯವಸ್ಥೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಇದು ಕೊಳ್ಳುವವರನ್ನು ಕಾಪಾಡುತ್ತದೆ. ಪ್ರಯೋಗಾಲಯದಲ್ಲಿ ಬೆಳೆಸಿದ ಗುಲಾಬಿ ವಜ್ರಗಳಿವೆ. ವಿಕಿರಣ ಮತ್ತು ಶಾಖ ಕೊಟ್ಟು ಬಣ್ಣ ಬದಲಿಸಿದ ಕಲ್ಲುಗಳಿವೆ. ಮೇಲೆ ತೆಳ್ಳನೆ ಲೇಪ ಹಚ್ಚಿದವೂ ಇವೆ. ನಮ್ಮ ಕಣ್ಣಿಗೆ ಎಲ್ಲವೂ ಒಂದೇ ಥರ ಕಾಣುತ್ತವೆ. ಬಣ್ಣ ನೈಸರ್ಗಿಕವೋ ಅಲ್ಲವೋ ಎಂದು ಹೇಳುವುದು ಆ ಸರ್ಟಿಫಿಕೇಟೇ. ಅಳತೆಗೋಲು ಇಲ್ಲದ ಕಡೆ ಮೋಸಗಾರನೇ ರಾಜ.

ಆದರೆ ಒಂದು ವಿಷಯ ಗಮನಿಸಿ. ಜಿಐಎ ವರದಿಯಲ್ಲಿ ತೂಕ ಇರುತ್ತದೆ, ಅಳತೆ ಇರುತ್ತದೆ, ಬಣ್ಣ ಇರುತ್ತದೆ. ಬೆಲೆ ಇರುವುದಿಲ್ಲ. ಆ ಸಂಸ್ಥೆ ಕಲ್ಲಿಗೆ ಬೆಲೆ ಕಟ್ಟುವುದೇ ಇಲ್ಲ. ‘ಈ ಕಲ್ಲು ಹೀಗಿದೆ’ ಎಂದು ಹೇಳಿ ನಿಲ್ಲಿಸುತ್ತದೆ. ‘ಇದಕ್ಕೆ ಇಷ್ಟು ಕೊಡಿ’ ಎಂದು ಹೇಳುವುದಿಲ್ಲ. ಆ ಗೆರೆಯನ್ನು ದಾಟುವವರು ನಾವು.

ಹಾಗಾದರೆ ಬೆಲೆ ಎಲ್ಲಿಂದ ಬರುತ್ತದೆ? ಅರ್ಥಶಾಸ್ತ್ರ ಓದುವವರಿಗೆ ನೀರು ಮತ್ತು ವಜ್ರದ ಒಗಟು ಗೊತ್ತು. ಆಡಂ ಸ್ಮಿತ್ 1776ರಲ್ಲೇ ಎತ್ತಿದ ಪ್ರಶ್ನೆ: ಬದುಕಿಗೆ ಬೇಕಾದ ನೀರು ಅಗ್ಗ, ಯಾವ ಉಪಯೋಗಕ್ಕೂ ಬಾರದ ವಜ್ರ ದುಬಾರಿ, ಏಕೆ? ವಜ್ರ ವಿರಳ, ನೀರು ಹೇರಳ, ಆದ್ದರಿಂದ ಎಂದು ನಾವು ಉತ್ತರ ಬರೆದು ಅಂಕ ತೆಗೆದುಕೊಳ್ಳುತ್ತೇವೆ. ಅದು ಅರ್ಧ ಉತ್ತರ ಮಾತ್ರ. ಬೆನಿಟೊಯ್ಟ್ ಎಂಬ ನೀಲಿ ಹರಳಿದೆ. ಆಭರಣದ ಗುಣಮಟ್ಟದ್ದು ಸಿಗುತ್ತಿದ್ದದ್ದು ಮುಖ್ಯವಾಗಿ ಅಮೆರಿಕದ ಕ್ಯಾಲಿಫೋರ್ನಿಯಾದ ಒಂದೇ ಪ್ರದೇಶದಲ್ಲಿ. ವಜ್ರಕ್ಕಿಂತ ಎಷ್ಟೋ ಪಾಲು ವಿರಳ. ಅದರ ಹೆಸರನ್ನು ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ? ಕೋಟಿ ಡಾಲರಿನ ಹರಾಜು ಅದಕ್ಕೆ ನಡೆಯುವುದಿಲ್ಲ. ವಿರಳವಾದರೆ ಸಾಲದು, ಬೇಕು ಎನ್ನುವವರು ಬೇಕು. ಬೇಕು ಎನ್ನಿಸಲು ಒಂದು ಕಥೆ ಬೇಕು.

ಆರ್ಗೈಲ್ ಆ ಕಥೆಯನ್ನು ಚೆನ್ನಾಗಿ ಕಟ್ಟಿತು. 1984ರಿಂದ ಪ್ರತಿ ವರ್ಷ ತನ್ನ ಅತ್ಯುತ್ತಮ ಗುಲಾಬಿ ಕಲ್ಲುಗಳನ್ನು ಆರಿಸಿ, ಆಹ್ವಾನ ಪಡೆದವರಿಗೆ ಮಾತ್ರ ತೋರಿಸಿ, ಟೆಂಡರಿನಲ್ಲಿ ಮಾರುತ್ತಿತ್ತು. ಯಾರೂ ಕೇಳದ ಕಂದು ಕಲ್ಲುಗಳಿಗೆ ‘ಶಾಂಪೇನ್’, ‘ಕಾಗ್ನ್ಯಾಕ್’ ಎಂದು ದುಬಾರಿ ಮದ್ಯಗಳ ಹೆಸರಿಟ್ಟಿತು. ಹೆಸರು ಬದಲಾದ ಮೇಲೆ ಗಿರಾಕಿಗಳೂ ಬಂದರು. ವಿಲಿಯಮ್ಸನ್ ಪಿಂಕ್ ಸ್ಟಾರ್ ಎಂಬ ಹೆಸರನ್ನೇ ನೋಡಿ. ಅದರಲ್ಲಿ ಅರ್ಧ ದಾಖಲೆ ಬರೆದ ಪಿಂಕ್ ಸ್ಟಾರ್‌ನಿಂದ ಬಂದದ್ದು. ಇನ್ನರ್ಧ ಬ್ರಿಟನ್ನಿನ ರಾಜಕುಮಾರಿ ಎಲಿಜಬೆತ್‌ಗೆ ಮದುವೆಯ ಉಡುಗೊರೆಯಾಗಿ ಹೋದ, 1947ರಲ್ಲಿ ತಾಂಜಾನಿಯಾದಲ್ಲಿ ಸಿಕ್ಕಿದ್ದ ವಿಲಿಯಮ್ಸನ್ ಪಿಂಕ್‌ನಿಂದ ಬಂದದ್ದು. ಎರಡು ಪ್ರಸಿದ್ಧರ ಹೆಸರು ಎರವಲು ಪಡೆದು ಅದು ಹರಾಜಿಗೆ ನಿಂತಿತು. ಆ ದಿನ ಬಿಟ್ಟುಕೊಡದ ಕೆಲವು ಶ್ರೀಮಂತರು ಕೂಗಿದರು, ಬೆಲೆ ಏರಿತು.

ಗೋಲ್ಕೊಂಡದ ಪ್ರಿನ್ಸಿ ಎಂಬ ವಜ್ರ ಇದಕ್ಕೆ ಇನ್ನೊಂದು ಸಾಕ್ಷಿ. 34.65 ಕ್ಯಾರೆಟ್‌ನ ಈ ಕಲ್ಲು ಹೈದರಾಬಾದ್ ನಿಜಾಮರ ಬಳಿ ಇತ್ತು. ನಮ್ಮ ಬೀದರ್, ಕಲಬುರಗಿ, ರಾಯಚೂರು ಆಗ ಅವರ ರಾಜ್ಯದೊಳಗೇ ಇದ್ದವು. ದರ್ಜೆಯಲ್ಲಿ ಇದು ಫ್ಯಾನ್ಸಿ ಇಂಟೆನ್ಸ್, ಅಂದರೆ ಪಿಂಕ್ ಸ್ಟಾರ್‌ಗಿಂತ ಒಂದು ಮೆಟ್ಟಿಲು ಕೆಳಗೆ. ಶುದ್ಧತೆಯಲ್ಲೂ ಕಡಿಮೆ. ಆದರೂ 2013ರಲ್ಲಿ ನ್ಯೂಯಾರ್ಕ್‌ನ ಕ್ರಿಸ್ಟೀಸ್ ಹರಾಜಿನಲ್ಲಿ 3 ಕೋಟಿ 93 ಲಕ್ಷ ಡಾಲರ್ ತಂದಿತು. ಕ್ಯಾರೆಟ್ಟಿಗೆ 11 ಲಕ್ಷ ಡಾಲರಿಗೂ ಹೆಚ್ಚು, ಪಿಂಕ್ ಸ್ಟಾರ್‌ಗೆ ಸಿಕ್ಕಷ್ಟೇ ಹತ್ತಿರ. ದರ್ಜೆ ಕೊಡದ ಬೆಲೆಯನ್ನು ಗೋಲ್ಕೊಂಡ, ನಿಜಾಮ ಎಂಬ ಎರಡು ಪದಗಳು ಕೊಟ್ಟವು.

ಇನ್ನು ದರಿಯಾ-ಎ-ನೂರ್. ಉರ್ದು ಬಲ್ಲವರಿಗೆ ಅರ್ಥ ಹೇಳಬೇಕಿಲ್ಲ, ಬೆಳಕಿನ ಸಾಗರ. ಜಗತ್ತಿನ ಅತಿ ದೊಡ್ಡ ಗುಲಾಬಿ ವಜ್ರಗಳಲ್ಲಿ ಒಂದು. 1739ರಲ್ಲಿ ನಾದಿರ್ ಷಾ ದೆಹಲಿಯಿಂದ ಕೊಳ್ಳೆ ಹೊಡೆದು ಒಯ್ದದ್ದು. ಈಗ ತೆಹರಾನ್‌ನ ರಾಷ್ಟ್ರೀಯ ಆಭರಣಗಳ ಖಜಾನೆಯಲ್ಲಿದೆ. ಸುಮಾರು 182 ಕ್ಯಾರೆಟ್ ಎಂಬುದೂ ಅಂದಾಜು ತೂಕವೇ, ಏಕೆಂದರೆ ಅದನ್ನು ಕೂರಿಸಿದ ಚೌಕಟ್ಟಿನಿಂದ ಬಿಡಿಸದೆಯೇ ಅಳೆದದ್ದು. ಅದು ಮಾರಾಟಕ್ಕಿಲ್ಲ. ಆದ್ದರಿಂದ ಅದಕ್ಕೆ ಬೆಲೆಯೂ ಇಲ್ಲ. ಹಾಗೆಂದು ಅದು ಯಾವ ವಜ್ರಕ್ಕೂ ಕಡಿಮೆಯಲ್ಲ.

‘ಇದೆಲ್ಲ ಶ್ರೀಮಂತರ ಆಟ, ನಮಗೇನು?’ ಎಂದು ಯಾರಾದರೂ ಕೇಳಬಹುದು. ನಮಗೂ ಸಂಬಂಧವಿದೆ ಎಂದು ನಾನು ಹೇಳುವುದು ಎರಡು ಕಾರಣಕ್ಕೆ.

ಮೊದಲನೆಯದು ಹಣದ ಕಾರಣ. ಆರ್ಗೈಲ್ ಮುಚ್ಚಿದ ಮೇಲೆ ‘ಇನ್ನು ಸಿಗುವುದಿಲ್ಲ, ಈಗಲೇ ಹೂಡಿಕೆ ಮಾಡಿ, ಬೆಲೆ ಏರುತ್ತಲೇ ಇರುತ್ತದೆ’ ಎಂಬ ಮಾತು ಜೋರಾಯಿತು. ನಮ್ಮ ಮನೆಗಳಲ್ಲಿ ಕಷ್ಟಕ್ಕೆ ಆಗಲಿ ಎಂದು ಚಿನ್ನ ಇಡುತ್ತೇವೆ. ಚಿನ್ನಕ್ಕೆ ದಿನದ ರೇಟ್ ಇದೆ, ಹಾಲ್‌ಮಾರ್ಕ್ ಇದೆ, ಯಾವ ಊರಿನಲ್ಲಾದರೂ ತೂಕ ಹಾಕಿ ಹಣ ಕೊಡುತ್ತಾರೆ. ಗುಲಾಬಿ ವಜ್ರಕ್ಕೆ ದಿನದ ರೇಟ್ ಇಲ್ಲ. ಒಂದು ಕಲ್ಲಿನಂತೆ ಇನ್ನೊಂದಿಲ್ಲ. ಮಾರಲು ಹೋದಾಗ ಕೊಳ್ಳುವವರು ಸಿಕ್ಕರೆ ಬೆಲೆ, ಸಿಗದಿದ್ದರೆ ಬರೀ ಕಲ್ಲು. ಪಿಂಕ್ ಸ್ಟಾರ್‌ಗೇ ಈ ಗತಿ ಬಂದಿತ್ತು. 2013ರಲ್ಲಿ ಜಿನೀವಾದ ಹರಾಜಿನಲ್ಲಿ ಅದಕ್ಕೆ 8 ಕೋಟಿ 30 ಲಕ್ಷ ಡಾಲರಿನ ಕೂಗು ಬಂತು, ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. ಆಮೇಲೆ ಕೂಗಿದವರಿಗೆ ಹಣ ಕಟ್ಟಲಾಗಲಿಲ್ಲ. ಕಲ್ಲು ಹರಾಜು ಸಂಸ್ಥೆಯ ಬಳಿಯೇ ಉಳಿಯಿತು. ನಾಲ್ಕು ವರ್ಷದ ನಂತರ ಮಾರಾಟವಾದದ್ದು ಅದಕ್ಕಿಂತ ಕಡಿಮೆಗೆ. ಕಲ್ಲು ಅದೇ, ದರ್ಜೆ ಅದೇ, ವಿರಳತೆ ಅದೇ.

ಎರಡನೆಯದು ಮನುಷ್ಯರ ಕಾರಣ. ಸರ್ಟಿಫಿಕೇಟ್ ಕಲ್ಲನ್ನು ಹತ್ತು ಪಟ್ಟು ದೊಡ್ಡದು ಮಾಡಿ ನೋಡುತ್ತದೆ. ಅದನ್ನು ತೆಗೆದ ಕೈಗಳನ್ನು, ತೆಗೆದ ನೆಲವನ್ನು ನೋಡುವುದಿಲ್ಲ. ಆರ್ಗೈಲ್ ಗಣಿ ತೋಡಿದ ಜಾಗ ಅಲ್ಲಿನ ಗಿಜಾ ಮತ್ತು ಮಿರಿವೂಂಗ್ ಮೂಲನಿವಾಸಿಗಳ ನೆಲ, ಅವರ ಹೆಂಗಸರಿಗೆ ಪವಿತ್ರವಾದ ತಾಣ. ಹೆಂಗಸರು ಹುಲ್ಲಿನ ಬಲೆಯೊಡ್ಡಿ ಬ್ಯಾರಮಂಡಿ ಎಂಬ ಮೀನನ್ನು ಹಿಡಿಯಲು ನೋಡಿದರು, ಮೀನು ಬೆಟ್ಟದ ಸಂದಿಯಿಂದ ತಪ್ಪಿಸಿಕೊಂಡಿತು, ಉದುರಿದ ಅದರ ಹುರುಪೆಗಳೇ ವಜ್ರಗಳಾದವು ಎಂದು ಅವರ ಹಿರಿಯರು ಹೇಳುತ್ತಾರೆ. ಆ ಸಂದಿಯೇ ಗಣಿಯ ಗುಂಡಿಯಾಯಿತು. ಅವರೊಂದಿಗೆ ವಿಸ್ತಾರವಾದ ಒಪ್ಪಂದಕ್ಕೆ ಸಹಿ ಬಿದ್ದದ್ದು 2004ರಲ್ಲಿ, ಗಣಿ ಶುರುವಾಗಿ ಎರಡು ದಶಕ ಕಳೆದ ಮೇಲೆ.

ಗಣಿಯ ಒಳ್ಳೆಯ ಗುಲಾಬಿ ಕಲ್ಲುಗಳಿಗೆ ಪರ್ತ್ ನಗರದಲ್ಲೇ ಹೊಳಪು ಕೊಡುತ್ತಿದ್ದರು. ರಾಶಿಗಟ್ಟಲೆ ಸಣ್ಣ ಕಂದು ಕಲ್ಲುಗಳು ಬಂದದ್ದು ಭಾರತಕ್ಕೆ, ಸೂರತ್ ಮತ್ತು ಸುತ್ತಲಿನ ಕಾರ್ಖಾನೆಗಳಿಗೆ. ಗುಜರಾತಿನ ವಜ್ರೋದ್ಯಮ ಬೆಳೆದದ್ದರಲ್ಲಿ ಆ ಅಗ್ಗದ ಕಲ್ಲುಗಳ ಪಾಲು ದೊಡ್ಡದು. ಕಲ್ಲಿಗಿಷ್ಟು ಎಂದು ಕೂಲಿ ಪಡೆಯುವ ಲಕ್ಷಾಂತರ ಜನರ ಕಣ್ಣು, ಬೆರಳು ಅದರಲ್ಲಿ ಸವೆದಿದೆ. ಇತ್ತೀಚಿನ ವರ್ಷಗಳಲ್ಲಿ ವಿದೇಶದ ಬೇಡಿಕೆ ಕುಸಿದಾಗ ಮೊದಲು ಕೆಲಸ ಕಳೆದುಕೊಂಡವರೂ ಅವರೇ. ಇದು ಹೊಸ ಕಥೆಯೂ ಅಲ್ಲ. ಹದಿನೇಳನೇ ಶತಮಾನದಲ್ಲಿ ಫ್ರೆಂಚ್ ವ್ಯಾಪಾರಿ ಟ್ಯಾವೆರ್ನಿಯೆ ಗೋಲ್ಕೊಂಡ ರಾಜ್ಯದ ಕೊಲ್ಲೂರು ಗಣಿಗೆ ಬಂದಿದ್ದ. ಇದು ನಮ್ಮ ಉಡುಪಿ ಜಿಲ್ಲೆಯ ಕೊಲ್ಲೂರಲ್ಲ. ರಾಯಚೂರು ದಾಟಿದ ಕೃಷ್ಣೆ ಮುಂದೆ ಆಂಧ್ರದಲ್ಲಿ ಹರಿಯುವಾಗ ಅದರ ದಂಡೆಯಲ್ಲಿದ್ದ ಊರು. ಗಂಡಸರು, ಹೆಂಗಸರು, ಮಕ್ಕಳು ಸೇರಿ ಸುಮಾರು 60,000 ಜನ ಅಲ್ಲಿ ದುಡಿಯುತ್ತಿದ್ದರು ಎಂದು ಆತ ಬರೆದಿದ್ದಾನೆ. ಗಂಡಸರು ಅಗೆಯುತ್ತಿದ್ದರು, ಹೆಂಗಸರು ಮಕ್ಕಳು ಮಣ್ಣು ಹೊರುತ್ತಿದ್ದರು. ಅಂಥ ಗಣಿಗಳಿಂದ ಹೊರಟ ವಜ್ರಗಳಿಗೆ ಹೆಸರು ಸಿಕ್ಕಿತು. ಮಣ್ಣು ಹೊತ್ತವರಲ್ಲಿ ಒಬ್ಬರ ಹೆಸರೂ ನಮಗೆ ಗೊತ್ತಿಲ್ಲ.

ಈಗ ನಮ್ಮ ಕಡೆ ಬರುತ್ತೇನೆ. ಕಾಲೇಜುಗಳ ಸಮಾರಂಭಗಳಲ್ಲಿ ವಜ್ರದ ಉಪಮೆ ತಪ್ಪುವುದಿಲ್ಲ. ‘ಒತ್ತಡ ತಾಳಿದ ಇದ್ದಿಲೇ ವಜ್ರವಾಗುತ್ತದೆ, ಮಕ್ಕಳೇ’ ಎನ್ನುತ್ತಾರೆ. ಹೇಳುವವರ ಪ್ರೀತಿ ನಿಜ, ವಿಜ್ಞಾನ ಸರಿಯಲ್ಲ. ಇದ್ದಿಲು, ಕಲ್ಲಿದ್ದಲು ಗಿಡಮರಗಳಿಂದ ಬಂದವು. ಬಹುಪಾಲು ವಜ್ರಗಳು ಭೂಮಿಯ ಮೇಲೆ ಗಿಡಮರ ಹುಟ್ಟುವುದಕ್ಕೂ ಮುಂಚಿನವು. ಇನ್ನು ಒತ್ತಡದ ವಿಷಯಕ್ಕೆ ಗುಲಾಬಿ ವಜ್ರ ಬೇರೆಯೇ ಪಾಠ ಹೇಳುತ್ತದೆ. ಸ್ವಲ್ಪ ಬಾಗಿದ್ದು ಗುಲಾಬಿ, ಅತಿಯಾಗಿ ಬಾಗಿದ್ದು ಕಂದು. ನೀಟ್, ಸಿಇಟಿ ಎಂದು ಬೆಳಗಿನ ಐದರಿಂದ ರಾತ್ರಿ ಹನ್ನೊಂದರವರೆಗೆ ಮಕ್ಕಳನ್ನು ಹಿಂಡುವವರು ಈ ಮಾತನ್ನು ಒಮ್ಮೆ ಯೋಚಿಸಲಿ. ‘ಹೆಚ್ಚು ಒತ್ತಿದಷ್ಟೂ ಹೆಚ್ಚು ಹೊಳಪು’ ಎಂಬುದಕ್ಕೆ ವಜ್ರ ಸಾಕ್ಷಿ ಹೇಳುವುದಿಲ್ಲ.

ಫಲಿತಾಂಶ ಬಂದ ಮರುದಿನ ಕಾಲೇಜುಗಳ ಗೇಟಿನ ಮುಂದೆ ಫ್ಲೆಕ್ಸ್ ಏಳುತ್ತದೆ. ಶೇ. 95 ದಾಟಿದವರ ಫೋಟೋ ಸಾಲಾಗಿ. ಆ ಗೆಳತಿಯರ ಶ್ರಮಕ್ಕೆ ನನ್ನ ಅಭಿನಂದನೆ ಮನಸ್ಸಿನಿಂದಲೇ ಇದೆ. ಅಂಕಪಟ್ಟಿ ಬೇಡ ಎಂದೂ ನಾನು ಹೇಳುತ್ತಿಲ್ಲ. ಅದಿಲ್ಲದಿದ್ದರೆ ಬಡವರ ಮಗಳು ವಶೀಲಿ ಇಲ್ಲದೆ ಸೀಟು ಪಡೆಯುವ ದಾರಿಯೇ ಮುಚ್ಚುತ್ತದೆ. ಅದು ನಮ್ಮ ಪಾಲಿನ ಅಳತೆಗೋಲು. ಆದರೆ ಅಂಕಪಟ್ಟಿಯೂ ಆ ವಜ್ರದ ವರದಿಯಂತೆಯೇ. ಆ ದಿನ, ಆ ಮೂರು ಗಂಟೆಯಲ್ಲಿ, ಆ ಪ್ರಶ್ನೆಗಳಿಗೆ ಉತ್ತರ ಹೀಗಿತ್ತು ಎಂದು ಹೇಳಿ ಅದು ನಿಲ್ಲುತ್ತದೆ. ಅದರಲ್ಲಿ ಬೆಲೆಯ ಕಾಲಂ ಇಲ್ಲ. ಆ ಕಾಲಂ ಬರೆದು ತುಂಬುವುದು ಫ್ಲೆಕ್ಸ್, ನೆಂಟರು, ಮದುವೆ ಮಾತುಕತೆ. ಮೇಲಾಗಿ ವಜ್ರಕ್ಕೂ ನಮಗೂ ಒಂದು ದೊಡ್ಡ ವ್ಯತ್ಯಾಸವಿದೆ. ಕಲ್ಲು ನೂರು ವರ್ಷ ಬಿಟ್ಟು ತೂಗಿದರೂ ಅಷ್ಟೇ ತೂಗುತ್ತದೆ. ನಾವು ಕಲಿಯುತ್ತೇವೆ, ಬೆಳೆಯುತ್ತೇವೆ. ಶೇ. 58 ಬಂದ ಗೆಳತಿ ಹತ್ತು ವರ್ಷದ ನಂತರವೂ ಶೇ. 58 ಅಲ್ಲ.

ಆದ್ದರಿಂದ ನನ್ನದು ಸಣ್ಣ ಸಲಹೆ. ಯಾರಾದರೂ ‘ಇದು ಬಹಳ ವಿರಳ, ಸರ್ಟಿಫಿಕೇಟ್ ಇದೆ, ಬೆಲೆ ಏರುತ್ತದೆ’ ಎಂದು ಒಂದೇ ಉಸಿರಿನಲ್ಲಿ ಹೇಳಿದರೆ, ಆ ಮಾತನ್ನು ಮೂರು ತುಂಡು ಮಾಡಿ ಕೇಳಿ. ವಿರಳ ಎಂಬುದಕ್ಕೆ ಲೆಕ್ಕ ಎಲ್ಲಿದೆ? ಸರ್ಟಿಫಿಕೇಟ್ ನಿಜವಾಗಿ ಏನು ಹೇಳುತ್ತದೆ, ಏನನ್ನು ಹೇಳುವುದಿಲ್ಲ? ನಾಳೆ ನಾನು ಮಾರಹೊರಟರೆ ಕೊಳ್ಳುವವರು ಯಾರು? ಇದು ಕಲ್ಲಿಗೂ ಆಗುತ್ತದೆ, ನಿವೇಶನಕ್ಕೂ ಆಗುತ್ತದೆ, ನಮ್ಮ ಮುಂದೆ ಬಂದು ನಿಲ್ಲುವ ದುಬಾರಿ ಕೋಚಿಂಗ್ ಸೆಂಟರಿನ ಜಾಹೀರಾತಿಗೂ ಆಗುತ್ತದೆ. ಮೂರಕ್ಕೂ ಉತ್ತರ ಸಿಕ್ಕ ಮೇಲೆ ಹಣ ಕೊಡುವುದೋ ಬಿಡುವುದೋ ನಿಮಗೆ ಬಿಟ್ಟದ್ದು. ಒಂದಕ್ಕಾದರೂ ಉತ್ತರ ಬರದಿದ್ದರೆ ಪರ್ಸ್ ಮುಚ್ಚಿಡಿ.